ಓದುಗರ ಪ್ರಶ್ನೆ, ನಮ್ಮ ಉತ್ತರ: ಲಾಂಚರ್‌ಗೆ ಟ್ಯಾಗ್ ಪ್ಲಗಿನ್ ಬರೆಯುವವರಿಗೆ

ಈ ಸಲ ಬಂದ ಪತ್ರಗಳಲ್ಲಿ ಒಂದು ಬಹಳ ಉದ್ದ ಇತ್ತು. ಅದೇ ವಿಷಯದ ಸುತ್ತ ಇನ್ನೂ ಕೆಲವು ಪ್ರಶ್ನೆಗಳಿದ್ದವು. ಹಾಗಾಗಿ ಪ್ರಿಂಟರ್, ವೈಫೈ, ಫೋನ್ ಬ್ಯಾಟರಿಯ ಗೋಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು, ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇವೆ. ಲಾಂಚರ್ ಅಂದರೆ ಏನು ಅನ್ನುವವರಿಗೆ: ಎರಡು ಕೀ ಒತ್ತಿದರೆ ಪರದೆಯ ನಡುವೆ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ನಾಲ್ಕು ಅಕ್ಷರ ಹೊಡೆದರೆ ಬೇಕಾದ ಪ್ರೋಗ್ರಾಮೋ ಫೈಲೋ ತೆರೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಫ್ಲೋ ಲಾಂಚರ್, ಮ್ಯಾಕ್‌ನಲ್ಲಿ ಆಲ್ಫ್ರೆಡ್ ಮತ್ತು ರೇಕಾಸ್ಟ್, ಲಿನಕ್ಸ್‌ನಲ್ಲಿ ಯುಲಾಂಚರ್, ಕೆರನ್ನರ್ ಇವೆಲ್ಲ ಆ ಜಾತಿಯವು. ಲಾಂಚರ್‌ಗೆ ಹೊಸ ಕೆಲಸ ಕಲಿಸಲು ಸೇರಿಸುವ ಪುಟ್ಟ ಪ್ರೋಗ್ರಾಮೇ ಪ್ಲಗಿನ್. ಫೈಲಿಗೆ ನಾವೇ ಅಂಟಿಸುವ ಗುರುತಿನ ಪದ ಟ್ಯಾಗ್.

ಪ್ರ: ಸಾರ್, ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಅಪ್ಪನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್ಲು ಎಲ್ಲ ಸೇರಿ ಸಾವಿರಾರು ಫೈಲುಗಳಿವೆ. ಹೆಸರು ಮಾತ್ರ 'ಫೈನಲ್', 'ಫೈನಲ್ ನ್ಯೂ', 'ಫೈನಲ್ ಓಕೆ 2' ಇಷ್ಟೇ. ಗಿರಾಕಿ ಬಂದು 'ನಮ್ಮಕ್ಕನ ಮದುವೆಗೆ ಮಾಡಿದ್ರಲ್ಲ, ಆ ಡಿಸೈನ್ ತೆಗೀರಿ' ಅಂದರೆ ಅಪ್ಪ ಹುಡುಕುತ್ತಾ ಕೂರುತ್ತಾರೆ. ಫ್ಲೋ ಲಾಂಚರ್‌ಗೆ ಒಂದು ಪ್ಲಗಿನ್ ಬರೆಯೋಣ ಅಂತಿದ್ದೇನೆ. ಫೈಲಿಗೆ ಟ್ಯಾಗ್ ಹಾಕಿಟ್ಟರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ 'ಲಗ್ನಪತ್ರಿಕೆ ಹಳದಿ 2023' ಅಂತ ಹೊಡೆದಾಗ ಅದು ಬರಬೇಕು. ಪೈಥಾನ್ ಸಾಕಾ, ಸಿ ಶಾರ್ಪ್ ಕಲಿಯಬೇಕಾ? ಟ್ಯಾಗ್‌ಗಳನ್ನು ಎಲ್ಲಿ ಇಡಬೇಕು? (ದಾವಣಗೆರೆಯ ಓದುಗರು)

ಉ: ಭಾಷೆಯ ವಿಷಯ ಸಣ್ಣದು, ಅದನ್ನು ಮೊದಲು ಮುಗಿಸಿಬಿಡೋಣ. ಫ್ಲೋ ಲಾಂಚರ್ ಬರೆದಿರುವುದೇ ಸಿ ಶಾರ್ಪ್‌ನಲ್ಲಿ. ಆ ಭಾಷೆಯ ಪ್ಲಗಿನ್ ಲಾಂಚರ್‌ನ ಒಳಗೇ ಕೂತು ಓಡುತ್ತದೆ, ವೇಗ ಜಾಸ್ತಿ. ಪೈಥಾನ್ ಪ್ಲಗಿನ್ ಹೊರಗೆ ಬೇರೆ ಪ್ರೋಗ್ರಾಮ್ ಆಗಿ ಓಡುತ್ತದೆ. ಲಾಂಚರ್ ಮತ್ತು ಅದು ಜೇಸನ್-ಆರ್‌ಪಿಸಿ ರೀತಿಯಲ್ಲಿ (ಜೇಸನ್ ಎಂಬ ಪಠ್ಯರೂಪದಲ್ಲಿ ಪ್ರಶ್ನೆ, ಉತ್ತರ ಕಳಿಸುತ್ತಾ) ಮಾತಾಡಿಕೊಳ್ಳುತ್ತವೆ. ಹಳೆಯ ಪೈಥಾನ್ ವಿಧಾನದಲ್ಲಿ ನೀವು ಹೊಡೆಯುವ ಅಕ್ಷರ ಬದಲಾದಾಗಲೆಲ್ಲ ಪೈಥಾನ್ ಹೊಸದಾಗಿ ಶುರುವಾಗಿ, ಉತ್ತರ ಕೊಟ್ಟು, ಮುಚ್ಚಿಕೊಳ್ಳುತ್ತದೆ. ದೊಡ್ಡ ದೊಡ್ಡ ಲೈಬ್ರರಿ ಇಂಪೋರ್ಟ್ ಮಾಡಿದರೆ ಪಟ್ಟಿ ತಡವರಿಸುವುದು ಇದಕ್ಕೇ. ಎರಡನೇ ಆವೃತ್ತಿಯ ವಿಧಾನದಲ್ಲಿ ಪ್ರೋಗ್ರಾಮ್ ಒಂದೇ ಸಲ ಶುರುವಾಗಿ ಓಡುತ್ತಲೇ ಇರುತ್ತದೆ. ನಿಮ್ಮ ಕೆಲಸಕ್ಕೆ ಪೈಥಾನ್ ಸಾಕು. ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿ ಕೂರುವ ಪುಟ್ಟ ಡೇಟಾಬೇಸ್) ಅದರ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಬೇಕಾಗಿಲ್ಲ.

ಎರಡನೇ ಪ್ರಶ್ನೆ ಇದೆಯಲ್ಲ, ಟ್ಯಾಗ್ ಎಲ್ಲಿ ಇಡಬೇಕು ಅನ್ನುವುದು, ಪ್ಲಗಿನ್ ಅಂದರೆ ಹೆಚ್ಚುಕಡಿಮೆ ಅದೇ. ಹುಡುಕುವ ಭಾಗ ಒಂದು ಭಾನುವಾರದಲ್ಲಿ ಮುಗಿಯುತ್ತದೆ. ಫೈಲಿನ ಹೆಸರು ಬದಲಾದಾಗ, ಫೋಲ್ಡರ್ ಆಚೀಚೆ ಆದಾಗ, ಹಾರ್ಡ್ ಡಿಸ್ಕ್ ಬದಲಾದಾಗ ಟ್ಯಾಗ್ ಉಳಿಯುತ್ತದಾ ಅನ್ನುವುದರಲ್ಲಿ ನಿಮ್ಮ ಸಮಯ ಹೋಗುತ್ತದೆ, ಹೋಗಬೇಕು ಕೂಡ.

ವಿಂಡೋಸ್‌ನಲ್ಲೇ ಟ್ಯಾಗ್ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಇದೆ, ಫೈಲಿನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಅನ್ನುವಲ್ಲಿ. ಜೆಪೆಗ್ ಫೋಟೋ, ವರ್ಡ್ ಫೈಲ್ ಇಂಥವಕ್ಕೆ ಕೆಲಸ ಮಾಡುತ್ತದೆ, ಏಕೆಂದರೆ ಟ್ಯಾಗನ್ನು ಆ ಫೈಲಿನ ಒಳಗೇ ಬರೆಯಲು ಜಾಗ ಇದೆ. ಸಾದಾ ಟೆಕ್ಸ್ಟ್ ಫೈಲಿಗೆ ಆ ಜಾಗವೇ ಇಲ್ಲ. ಪಿಡಿಎಫ್‌ಗೂ ಸಾಮಾನ್ಯವಾಗಿ ಆ ಸಾಲು ಬರುವುದಿಲ್ಲ. ಅಂಗಡಿಯಲ್ಲಿ ಹತ್ತು ಥರದ ಫೈಲುಗಳಿರುವಾಗ ಎರಡು ಥರಕ್ಕೆ ಮಾತ್ರ ಟ್ಯಾಗ್ ಅಂದರೆ ಪ್ರಯೋಜನ ಇಲ್ಲ.

ಇನ್ನೊಂದು ದಾರಿ ಎನ್‌ಟಿಎಫ್‌ಎಸ್‌ನ (ವಿಂಡೋಸ್ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಆಲ್ಟರ್ನೇಟ್ ಡೇಟಾ ಸ್ಟ್ರೀಮ್. ಫೈಲಿನ ಹೆಸರಿನ ನಂತರ ಕೋಲನ್ ಹಾಕಿ ಇನ್ನೊಂದು ಹೆಸರು ಕೊಟ್ಟರೆ, ಅದೇ ಫೈಲಿಗೆ ಅಂಟಿಕೊಂಡ, ಹೊರಗೆ ಕಾಣದ ಒಂದು ಜಾಗ ಸಿಗುತ್ತದೆ. ಇಂಟರ್ನೆಟ್‌ನಿಂದ ಇಳಿಸಿದ ಫೈಲ್ ತೆರೆಯುವಾಗ ವಿಂಡೋಸ್ ಎಚ್ಚರಿಸುತ್ತದಲ್ಲ, ಅದು ಇಂಥದೇ ಜಾಗದಲ್ಲಿ ಬರೆದಿಟ್ಟ ಗುರುತು ನೋಡಿ. ಕೇಳಲು ಚೆನ್ನಾಗಿದೆ. ಆದರೆ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ಎಂಬ ಬೇರೆ ವ್ಯವಸ್ಥೆಯ ಪೆನ್‌ಡ್ರೈವ್‌ಗೆ ಕಾಪಿ ಮಾಡಿದ ಕೂಡಲೇ ಆ ಜಾಗ ಉದುರಿಹೋಗುತ್ತದೆ. ಮೇಲ್‌ನಲ್ಲಿ ಕಳಿಸಿದರೂ ಅಷ್ಟೇ. ಡಿಟಿಪಿ ಅಂಗಡಿಯಲ್ಲಿ ಪೆನ್‌ಡ್ರೈವ್ ಇಲ್ಲದ ದಿನ ಇದೆಯಾ? ಅದಲ್ಲದೆ, ಒಂದು ಟ್ಯಾಗ್ ಇರುವ ಫೈಲುಗಳನ್ನೆಲ್ಲ ತೋರಿಸು ಅಂದರೆ ಪ್ರತಿ ಫೈಲಿನ ಬಳಿಯೂ ಹೋಗಿ ನೋಡಿಕೊಂಡು ಬರಬೇಕು. ಲಾಂಚರ್‌ಗೆ ಅಷ್ಟು ಪುರಸೊತ್ತು ಇರುವುದಿಲ್ಲ.

ಆದ್ದರಿಂದ ಎಸ್‌ಕ್ಯೂಲೈಟ್‌ನಲ್ಲಿ ಮೂರು ಟೇಬಲ್ ಮಾಡಿ. ಒಂದರಲ್ಲಿ ಫೈಲುಗಳು, ಒಂದರಲ್ಲಿ ಟ್ಯಾಗ್‌ಗಳು, ಮೂರನೆಯದರಲ್ಲಿ ಯಾವ ಫೈಲಿಗೆ ಯಾವ ಟ್ಯಾಗ್ ಅನ್ನುವ ಜೋಡಿ. ಟ್ಯಾಗ್‌ಗಳನ್ನು ಕಾಮಾ ಹಾಕಿ ಒಂದೇ ಕಾಲಂನಲ್ಲಿ ತುರುಕುವ ಆಸೆ ಬರುತ್ತದೆ, ಬೇಡ. 'ಲಗ್ನಪತ್ರಿಕೆ'ಯೂ ಇರಬೇಕು 'ಹಳದಿ'ಯೂ ಇರಬೇಕು '2023'ಊ ಇರಬೇಕು ಅನ್ನುವ ಹುಡುಕಾಟ ಮೂರನೇ ಟೇಬಲ್ ಇದ್ದರೆ ಸಲೀಸು: ಮೂರರಲ್ಲಿ ಯಾವುದಾದರೂ ಇರುವ ಸಾಲುಗಳನ್ನು ತೆಗೆದು, ಫೈಲ್‌ವಾರು ಗುಂಪು ಮಾಡಿ, ಎಣಿಕೆ ಮೂರಕ್ಕೆ ಸಮ ಇರುವ ಫೈಲುಗಳನ್ನು ಮಾತ್ರ ಉಳಿಸಿಕೊಂಡರೆ ಆಯಿತು.

ಫೈಲುಗಳ ಟೇಬಲ್‌ನಲ್ಲಿ ಬರೀ ಪಾತ್ (ಡ್ರೈವ್, ಫೋಲ್ಡರ್, ಹೆಸರು ಸೇರಿದ ಫೈಲಿನ ಪೂರ್ತಿ ವಿಳಾಸ) ಬರೆದಿಟ್ಟರೆ ಕೆಟ್ಟಿರಿ. ಅಪ್ಪ ಒಂದು ದಿನ '2023' ಫೋಲ್ಡರನ್ನು 'ಹಳೇದು' ಅನ್ನುವ ಫೋಲ್ಡರ್ ಒಳಗೆ ಎಳೆದು ಹಾಕುತ್ತಾರೆ, ಅಷ್ಟೂ ಟ್ಯಾಗ್ ಅನಾಥ. ಎನ್‌ಟಿಎಫ್‌ಎಸ್ ಪ್ರತಿ ಫೈಲಿಗೂ ಒಂದು ಐಡಿ ಕೊಟ್ಟಿರುತ್ತದೆ. ಮನೆ ಬದಲಾಯಿಸಿದರೂ ಆಧಾರ್ ಸಂಖ್ಯೆ ಅದೇ ಇರುತ್ತದಲ್ಲ, ಹಾಗೆ ಅದೇ ಡ್ರೈವ್‌ನೊಳಗೆ ಹೆಸರು ಬದಲಿಸಿದರೂ ಜಾಗ ಬದಲಿಸಿದರೂ ಈ ಐಡಿ ಬದಲಾಗುವುದಿಲ್ಲ. ಪೈಥಾನ್‌ನಲ್ಲಿ ಫೈಲಿನ ಸ್ಟ್ಯಾಟ್ ಕೇಳಿದರೆ ಐನೋಡ್ ಸಂಖ್ಯೆಯಾಗಿ ಬರುವುದು ಇದೇ. ಇದನ್ನು ಟೇಬಲ್‌ನಲ್ಲಿ ಟೆಕ್ಸ್ಟ್ ಆಗಿ ಇಡಿ, ಸಂಖ್ಯೆಯಾಗಿ ಅಲ್ಲ. ಎಸ್‌ಕ್ಯೂಲೈಟ್‌ನ ಪೂರ್ಣಾಂಕ ಚಿಹ್ನೆಯೂ ಸೇರಿ 64 ಬಿಟ್, ಎನ್‌ಟಿಎಫ್‌ಎಸ್‌ನ ಐಡಿ ಚಿಹ್ನೆಯಿಲ್ಲದ 64 ಬಿಟ್. ಯಾವತ್ತೋ ಒಂದು ದಿನ ದೊಡ್ಡ ಐಡಿ ಬಂದು ಎರರ್ ಕೊಡುತ್ತದೆ, ಆಗ ಕಾರಣ ಹುಡುಕಲು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಐಡಿ ಒಂದನ್ನೇ ನಂಬುವ ಹಾಗೂ ಇಲ್ಲ. ಬಹಳ ಪ್ರೋಗ್ರಾಮ್‌ಗಳು ಸೇವ್ ಮಾಡುವಾಗ ಹಳೆಯ ಫೈಲನ್ನು ತಿದ್ದುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಫೈಲ್ ಬರೆದು, ಹಳೆಯದನ್ನು ಸರಿಸಿ, ಹೊಸದಕ್ಕೆ ಅದೇ ಹೆಸರು ಕೊಡುತ್ತವೆ. ಹೆಸರು ಅದೇ, ಐಡಿ ಬೇರೆ. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳಿ. ಪಾತ್‌ನಲ್ಲಿ ಫೈಲ್ ಇದ್ದರೆ ಅದೇ ನಮ್ಮದು ಅಂದುಕೊಂಡು ಐಡಿಯನ್ನು ಹೊಸದಾಗಿ ಬರೆದುಕೊಳ್ಳಿ. ಪಾತ್‌ನಲ್ಲಿ ಇಲ್ಲದಿದ್ದರೆ ಐಡಿ ಹಿಡಿದು ಹುಡುಕಿ (ವಿಂಡೋಸ್‌ನಲ್ಲಿ ಓಪನ್‌ಫೈಲ್‌ಬೈಐಡಿ ಅನ್ನುವ ಕರೆ ಇದೆ), ಸಿಕ್ಕರೆ ಹೊಸ ಪಾತ್ ಬರೆದುಕೊಳ್ಳಿ. ಎರಡೂ ಇಲ್ಲದಿದ್ದರೆ ಸಾಲನ್ನು ಅಳಿಸಬೇಡಿ! 'ಕಾಣುತ್ತಿಲ್ಲ' ಅಂತ ಗುರುತು ಹಾಕಿ ಬಿಡಿ. ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿಲ್ಲದಿರಬಹುದು, ಅಷ್ಟೇ. ಬೇರೆ ಡ್ರೈವ್‌ಗೆ ಹೋದ ಫೈಲಿಗೆ ಐಡಿಯೂ ಹೊಸದು, ಅದಕ್ಕೆ ಮೂರನೇ ಗುರುತಾಗಿ ಫೈಲಿನ ಗಾತ್ರ ಮತ್ತು ಮೊದಲ ಸ್ವಲ್ಪ ಭಾಗದ ಹ್ಯಾಶ್ (ಒಳಗಿನದನ್ನು ಲೆಕ್ಕ ಹಾಕಿ ಪಡೆದ, ಬೆರಳಚ್ಚಿನಂಥ ಗುರುತು) ಇಟ್ಟುಕೊಳ್ಳಿ. ಇಡೀ ಫೈಲಿನ ಹ್ಯಾಶ್ ಬೇಡ, ದೊಡ್ಡ ಬ್ಯಾನರ್ ಫೈಲುಗಳಿದ್ದರೆ ಕಂಪ್ಯೂಟರ್ ಕೂತುಬಿಡುತ್ತದೆ.

ಈ ಹುಡುಕಾಟವನ್ನೆಲ್ಲ ಅಕ್ಷರ ಹೊಡೆಯುವಾಗ ಮಾಡಬೇಡಿ. ಆಗ ಬರೀ ಡೇಟಾಬೇಸ್ ನೋಡಿ ಪಟ್ಟಿ ಕೊಡಿ. ಎಂಟರ್ ಒತ್ತಿ ಫೈಲ್ ತೆರೆಯುವ ಹೊತ್ತಿನಲ್ಲಿ ಆ ಒಂದು ಫೈಲನ್ನು ಮಾತ್ರ ಪರೀಕ್ಷಿಸಿ.

ಕೊನೆಯದಾಗಿ ಅಪ್ಪನ ವಿಷಯ. ಪ್ರತಿ ಫೈಲಿಗೂ ಕೂತು ನಾಲ್ಕು ಟ್ಯಾಗ್ ಹೊಡೆಯುವ ತಾಳ್ಮೆ ಕೆಲಸದ ನಡುವೆ ಯಾರಿಗೂ ಇರುವುದಿಲ್ಲ. ವರ್ಷವನ್ನು ಫೈಲಿನ ತಾರೀಕಿನಿಂದ ಪ್ಲಗಿನ್ನೇ ತೆಗೆದುಕೊಳ್ಳಲಿ. ಫೋಲ್ಡರ್ ಹೆಸರನ್ನು ಸಲಹೆಯಾಗಿ ತೋರಿಸಲಿ. ಅಪ್ಪ ಹೊಡೆಯಬೇಕಾದ್ದು ಗಿರಾಕಿಯ ಊರು ಅಥವಾ ಮನೆತನದ ಹೆಸರು ಮಾತ್ರ ಅನ್ನುವ ಮಟ್ಟಕ್ಕೆ ತನ್ನಿ. ಗಿರಾಕಿ ಕೇಳುವುದೂ ಹಾಗೇ ಅಲ್ವಾ, 'ಹರಿಹರದವರ ಕಾರ್ಡು' ಅಂತ.

ಪ್ರ: ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಆರಿಸಿಕೊಂಡಿದ್ದೇನೆ. ಅದು ಯಾವುದು ಅಂತ ನನ್ನ ಪ್ಲಗಿನ್‌ಗೆ ಗೊತ್ತಾಗುವುದು ಹೇಗೆ? ಪ್ರತಿ ಸಲ ಪಾತ್ ಹೊಡೆಯಲು ಆಗುತ್ತಾ? (ಬೆಳಗಾವಿ)

ಉ: ಆಗಲ್ಲ. ಸುಲಭದ ದಾರಿ ಕ್ಲಿಪ್‌ಬೋರ್ಡ್. ವಿಂಡೋಸ್ 11ರಲ್ಲಿ ಫೈಲ್ ಆರಿಸಿ ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿದರೆ ಪಾತ್ ಕಾಪಿ ಆಗುತ್ತದೆ. ಹಳೆಯದರಲ್ಲಿ ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡಿದರೆ 'ಕಾಪಿ ಆಸ್ ಪಾತ್' ಸಿಗುತ್ತದೆ. ಲಾಂಚರ್ ತೆರೆದಾಗ ಪ್ಲಗಿನ್ ಕ್ಲಿಪ್‌ಬೋರ್ಡ್ ಓದಿಕೊಳ್ಳಲಿ. ಒಂದು ಎಚ್ಚರ: ಹೀಗೆ ಬಂದ ಪಾತ್‌ನ ಎರಡೂ ತುದಿಗೆ ಉದ್ಧರಣ ಚಿಹ್ನೆ ಇರುತ್ತದೆ, ಹಲವು ಫೈಲ್ ಆರಿಸಿದ್ದರೆ ಸಾಲಿಗೊಂದರಂತೆ ಬರುತ್ತದೆ. ಚಿಹ್ನೆ ತೆಗೆಯದಿದ್ದರೆ 'ಇಂಥ ಫೈಲ್ ಇಲ್ಲ' ಅನ್ನುತ್ತದೆ. ಫೈಲ್ ಕಣ್ಣೆದುರೇ ಇದ್ದಾಗ ಈ ಮಾತು ಕೇಳಿದರೆ ಮೈ ಉರಿಯುತ್ತದೆ.

ಇನ್ನೂ ನಯವಾಗಿ ಬೇಕಾದರೆ ಶೆಲ್ ಡಾಟ್ ಅಪ್ಲಿಕೇಶನ್ ಎಂಬ ಕಾಮ್ ಆಬ್ಜೆಕ್ಟ್ (ಬೇರೆ ಪ್ರೋಗ್ರಾಮ್‌ಗಳು ವಿಂಡೋಸ್ ಜೊತೆ ಮಾತಾಡಲು ಇರುವ ಕೊಂಡಿ) ಮೂಲಕ ತೆರೆದಿರುವ ಎಕ್ಸ್‌ಪ್ಲೋರರ್ ಕಿಟಕಿಗಳ ಪಟ್ಟಿ ಪಡೆದು, ಅದರಲ್ಲಿ ಆರಿಸಿರುವ ಫೈಲುಗಳನ್ನು ಕೇಳಬಹುದು. ಆದರೆ ನಾಲ್ಕು ಕಿಟಕಿ ತೆರೆದಿದ್ದರೆ ಯಾವುದು ಮುಂದಿತ್ತು ಅಂತ ನೀವೇ ಪತ್ತೆ ಮಾಡಬೇಕು. ಮೊದಲ ಆವೃತ್ತಿಗೆ ಕ್ಲಿಪ್‌ಬೋರ್ಡ್ ಸಾಕು.

ಪ್ರ: ಪೈಥಾನ್ ಪ್ಲಗಿನ್ ಟರ್ಮಿನಲ್‌ನಲ್ಲಿ ಸರಿಯಾಗಿ ಓಡುತ್ತದೆ. ಲಾಂಚರ್‌ನಲ್ಲಿ ಮಾತ್ರ ಏನೂ ಬರುವುದಿಲ್ಲ, ಕೆಲವೊಮ್ಮೆ ಎರರ್. ಏನು ಕಾಣುತ್ತಿದೆ ಅಂತ ನೋಡಲು ಅಲ್ಲಲ್ಲಿ ಪ್ರಿಂಟ್ ಹಾಕಿದ್ದೇನೆ. (ತುಮಕೂರು)

ಉ: ಆ ಪ್ರಿಂಟ್‌ಗಳೇ ಕಾರಣ ಇರಬೇಕು. ಜೇಸನ್ ಉತ್ತರ ಹೋಗುವುದೂ ಅದೇ ಸ್ಟ್ಯಾಂಡರ್ಡ್ ಔಟ್‌ಪುಟ್ ದಾರಿಯಲ್ಲಿ. ನಡುವೆ ನಿಮ್ಮ 'ಇಲ್ಲಿಗೆ ಬಂತು' ಸೇರಿಕೊಂಡರೆ ಅದು ಜೇಸನ್ ಆಗಿ ಉಳಿಯುವುದಿಲ್ಲ, ಲಾಂಚರ್ ಎಸೆದುಬಿಡುತ್ತದೆ. ಎಲ್ಲ ಪ್ರಿಂಟ್ ತೆಗೆದು ಒಂದು ಲಾಗ್ ಫೈಲಿಗೆ ಬರೆಯಿರಿ. ಜೊತೆಗೆ, ಜೇಸನ್ ಮಾಡುವಾಗ ಕನ್ನಡ ಅಕ್ಷರಗಳು ಹಾಗೇ ಕಾಣಲಿ ಅಂತ ಎನ್‌ಶೂರ್ ಆಸ್ಕಿ (ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಸಂಕೇತವಾಗಿ ಬರೆಯುವ) ಆಯ್ಕೆಯನ್ನು ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ. ವಿಂಡೋಸ್‌ನಲ್ಲಿ ಪೈಥಾನ್ ಔಟ್‌ಪುಟ್ ಬೇರೆ ಪ್ರೋಗ್ರಾಮಿಗೆ ಹೋಗುವಾಗ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆಯಬಲ್ಲ ವಿಧಾನ) ಆಗಿರಲೇಬೇಕು ಅಂತಿಲ್ಲ. ಕೆಲವೇ ಭಾಷೆಯ ಅಕ್ಷರಗಳಿರುವ ಹಳೆಯ ಕೋಡ್‌ಪೇಜ್ ಇದ್ದರೆ ಮೊದಲ ಕನ್ನಡ ಅಕ್ಷರಕ್ಕೇ ಮುಗ್ಗರಿಸುತ್ತದೆ. ಹೀಗೆ ಸಂಕೇತವಾಗಿ ಹೋದರೂ ಲಾಂಚರ್ ಅದನ್ನು ಕನ್ನಡವಾಗಿಯೇ ತೋರಿಸುತ್ತದೆ, ನಷ್ಟ ಏನೂ ಇಲ್ಲ.

ಪ್ರ: ಯಕ್ಷಗಾನ ಪ್ರಸಂಗಗಳ ಪಿಡಿಎಫ್ ಸಂಗ್ರಹ ಇದೆ. ತೆಂಕು, ಬಡಗು, ಕವಿಯ ಹೆಸರು ಎಲ್ಲ ಕನ್ನಡದಲ್ಲೇ ಟ್ಯಾಗ್ ಹಾಕುತ್ತಿದ್ದೇನೆ. ವಿಚಿತ್ರ ಅಂದರೆ ಒಂದೇ ಟ್ಯಾಗ್ ಪಟ್ಟಿಯಲ್ಲಿ ಎರಡು ಸಲ ಬರುತ್ತದೆ. ನೋಡಲು ಎರಡೂ ಒಂದೇ, ಒಂದರಲ್ಲಿ ಹುಡುಕಿದರೆ ಇನ್ನೊಂದರ ಫೈಲ್ ಬರುವುದಿಲ್ಲ. (ಉಡುಪಿ)

ಉ: ಒಳ್ಳೆಯ ಪ್ರಶ್ನೆ. ಇಂಗ್ಲಿಷ್‌ನಲ್ಲಿ ಮಾತ್ರ ಟ್ಯಾಗ್ ಹಾಕುವವರಿಗೆ ಈ ತಲೆನೋವು ಗೊತ್ತೇ ಇರುವುದಿಲ್ಲ.

ಯೂನಿಕೋಡ್‌ನಲ್ಲಿ 'ಕೋಟೆ' ಅನ್ನುವುದರ ಮೊದಲ ಅಕ್ಷರವನ್ನು ಎರಡು ರೀತಿ ಬರೆಯಬಹುದು. 'ಕ' ಆದ ಮೇಲೆ ಓತ್ವದ ಒಂದೇ ಸಂಕೇತ ಇರಬಹುದು. ಇಲ್ಲವೇ ಎತ್ವ, ಊಕಾರದ ಚಿಹ್ನೆ, ದೀರ್ಘ ಅಂತ ಮೂರು ಬಿಡಿ ಸಂಕೇತಗಳಿರಬಹುದು. ಕಣ್ಣಿಗೆ ಎರಡೂ 'ಕೋ'. ಡೇಟಾಬೇಸ್‌ಗೆ ಎರಡು ಬೇರೆ ಪದ. ಈಕಾರ, ಏತ್ವ, ಐತ್ವ, ಒತ್ವಗಳಿಗೂ ಇದೇ ಕಥೆ. ಕೀಬೋರ್ಡ್‌ನಲ್ಲಿ ಹೊಡೆದರೆ ಸಾಮಾನ್ಯವಾಗಿ ಒಂದೇ ಸಂಕೇತ ಬರುತ್ತದೆ. ಮ್ಯಾಕ್‌ನಿಂದ ಬಂದ ಫೈಲ್ ಹೆಸರು, ಪಿಡಿಎಫ್‌ನಿಂದ ಕಾಪಿ ಮಾಡಿದ ಪಠ್ಯ ಇವುಗಳಲ್ಲಿ ಬಿಡಿ ಬಿಡಿಯಾಗಿ ಇರಬಹುದು. ಮದ್ದು ಸರಳ: ಟ್ಯಾಗ್ ಉಳಿಸುವ ಮೊದಲು, ಹುಡುಕುವ ಮೊದಲು, ಎರಡೂ ಕಡೆ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್ ಬಳಸಿ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸಿದ ರೂಪ) ತನ್ನಿ.

ಇಷ್ಟಕ್ಕೇ ಮುಗಿಯುವುದಿಲ್ಲ. ಕಣ್ಣಿಗೆ ಕಾಣದ ಜೋಡಕಗಳಿವೆ, ಜೆಡ್‌ಡಬ್ಲ್ಯುಜೆ ಮತ್ತು ಜೆಡ್‌ಡಬ್ಲ್ಯುಎನ್‌ಜೆ. 'ರಾಜ್‌ಕುಮಾರ್' ಅಂತ ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವುದು ಎರಡನೆಯದು. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. 'ರ‍್ಯಾಂಕ್' ಬರೆಯಲು ಮೊದಲನೆಯದು ಬೇಕು, ಅದನ್ನು ಹಳೆಯ ಪಠ್ಯಗಳಲ್ಲಿ ಹಲಂತದ ನಂತರ ಇಡುತ್ತಿದ್ದರು, ಈಗಿನ ರೂಢಿ ಹಲಂತದ ಮೊದಲು. ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ. ಆದ್ದರಿಂದ ಟ್ಯಾಗ್ ಟೇಬಲ್‌ನಲ್ಲಿ ಎರಡು ಕಾಲಂ ಇರಲಿ: ತೋರಿಸಲು ನೀವು ಬರೆದ ರೂಪ, ಹೋಲಿಸಲು ಜೋಡಕಗಳನ್ನು ಕಿತ್ತು ಎನ್‌ಎಫ್‌ಸಿ ಮಾಡಿದ ರೂಪ. ಎರಡನೆಯದರ ಮೇಲೆ ಯೂನಿಕ್ ನಿರ್ಬಂಧ ಹಾಕಿ. ಅಲ್ಲಿಗೆ ಜೋಡಿ ಟ್ಯಾಗ್ ಹುಟ್ಟುವುದೇ ನಿಲ್ಲುತ್ತದೆ. ಈಗಾಗಲೇ ಹುಟ್ಟಿರುವುದನ್ನು ಒಂದು ಸಲ ಕೂಡಿಸುವ ಸ್ಕ್ರಿಪ್ಟ್ ಬರೆದುಕೊಳ್ಳಿ.

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಹೊಡೆದ ಪಠ್ಯ ಯೂನಿಕೋಡೇ ಅಲ್ಲ. ಅದನ್ನು ಟ್ಯಾಗ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಮೊದಲು ಕನ್ವರ್ಟ್ ಮಾಡಿ.

ಒಂದು ಸೌಕರ್ಯ ನಾನಾಗಿಯೇ ಹೇಳುತ್ತೇನೆ. ಲಾಂಚರ್ ತೆರೆದ ಮೇಲೆ ಕೀಬೋರ್ಡನ್ನು ಕನ್ನಡಕ್ಕೆ ಬದಲಿಸಿ, ಹುಡುಕಿ, ಮತ್ತೆ ಇಂಗ್ಲಿಷ್‌ಗೆ ಬರುವುದು ಬೇಸರದ ಕೆಲಸ. ಪ್ರತಿ ಟ್ಯಾಗ್‌ಗೂ ಇಂಗ್ಲಿಷ್ ಅಕ್ಷರದ ಒಂದೆರಡು ಅಡ್ಡಹೆಸರು ಇಡುವ ಟೇಬಲ್ ಮಾಡಿ. 'ತೆಂಕುತಿಟ್ಟು' ಟ್ಯಾಗ್‌ಗೆ ಇಂಗ್ಲಿಷ್‌ನ ಟಿ ಟಿ ಸಾಕು. ದಾವಣಗೆರೆಯವರಿಗೂ ಇದು ಬೇಕಾಗುತ್ತದೆ, 'ಲಗ್ನಪತ್ರಿಕೆ' ಮತ್ತು 'ಮದುವೆ ಕಾರ್ಡ್' ಒಂದೇ ಟ್ಯಾಗ್‌ಗೆ ಹೋಗಿ ಸೇರಲು ಇದೇ ಟೇಬಲ್ ಸಾಕು.

ಪ್ರ: ನಾನಿರುವುದು ಅಮೆರಿಕದಲ್ಲಿ, ಬಳಸುವುದು ಮ್ಯಾಕ್. ಅದರ ಫೈಲ್ ನೋಡುವ ಕಿಟಕಿ ಫೈಂಡರ್‌ನಲ್ಲೇ ಟ್ಯಾಗ್ ಇದೆ. ಆದರೂ ರೇಕಾಸ್ಟ್‌ಗೆ ಟ್ಯಾಗ್ ಎಕ್ಸ್‌ಟೆನ್ಶನ್ ಬರೆಯುವುದರಲ್ಲಿ ಅರ್ಥ ಇದೆಯಾ? (ಟೆಕ್ಸಸ್)

ಉ: ಇದೆ, ಆದರೆ ನೀವು ಡೇಟಾಬೇಸ್ ಕಟ್ಟಬೇಡಿ. ಮ್ಯಾಕ್‌ನಲ್ಲಿ 2013ರ ಮ್ಯಾವರಿಕ್ಸ್‌ನಿಂದ ಟ್ಯಾಗ್ ಇದೆ. ಅದು ಫೈಲಿನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ (ಫೈಲಿಗೆ ಅಂಟಿಕೊಂಡ ಹೆಚ್ಚುವರಿ ಮಾಹಿತಿಯ ಜಾಗ) ಕೂರುತ್ತದೆ, ಮ್ಯಾಕ್‌ನ ಹುಡುಕುವ ವ್ಯವಸ್ಥೆ ಸ್ಪಾಟ್‌ಲೈಟ್ ಅದನ್ನು ಇಂಡೆಕ್ಸ್ ಮಾಡಿಕೊಂಡಿರುತ್ತದೆ. ನಿಮ್ಮ ಎಕ್ಸ್‌ಟೆನ್ಶನ್ ಸ್ಪಾಟ್‌ಲೈಟ್‌ನ ಎಂಡಿಫೈಂಡ್ ಕಮಾಂಡಿಗೆ ಕೇಳಿ ಉತ್ತರ ತೋರಿಸಿದರೆ ಸಾಕು. ಬೆಳಗಾವಿಯವರ ಕಷ್ಟ ನಿಮಗಿಲ್ಲ, ಫೈಂಡರ್‌ನಲ್ಲಿ ಆರಿಸಿದ ಫೈಲುಗಳನ್ನು ಕೊಡುವ ಫಂಕ್ಷನ್ ರೇಕಾಸ್ಟ್‌ನಲ್ಲೇ ಇದೆ. ಬರೆಯಬೇಕಾದ್ದು ಟೈಪ್‌ಸ್ಕ್ರಿಪ್ಟ್ ಮತ್ತು ರಿಯಾಕ್ಟ್‌ನಲ್ಲಿ. ಲಿನಕ್ಸ್‌ನಲ್ಲಿ ಕೆಡಿಇ ಡೆಸ್ಕ್‌ಟಾಪ್ ಬಳಸುವವರಿಗೂ ಹೀಗೇ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನ ಟ್ಯಾಗ್ ಇದೆ, ಕೆಡಿಇಯ ಹುಡುಕುವ ವ್ಯವಸ್ಥೆ ಬಾಲೂ ಅದನ್ನು ಇಂಡೆಕ್ಸ್ ಮಾಡುತ್ತದೆ.

ಪ್ರ: ಫೈಲನ್ನು ಹೆಸರಿನಿಂದ ಹುಡುಕುವ ಎವ್ರಿಥಿಂಗ್ ಸಾಫ್ಟ್‌ವೇರ್ ಇರುವಾಗ ಈ ಟ್ಯಾಗ್ ಗೀಗ್ ಎಲ್ಲ ಯಾಕೆ ಸ್ವಾಮಿ? ಸುಮ್ನೆ ಕೆಲಸ ಜಾಸ್ತಿ ಮಾಡಿಕೊಳ್ಳುವುದು. (ಹಾಸನ)

ಉ: ಅರ್ಧ ಒಪ್ಪುತ್ತೇನೆ. ಎವ್ರಿಥಿಂಗ್ ಎನ್‌ಟಿಎಫ್‌ಎಸ್‌ನ ಮಾಸ್ಟರ್ ಫೈಲ್ ಟೇಬಲನ್ನೇ (ಡ್ರೈವ್‌ನ ಎಲ್ಲ ಫೈಲುಗಳ ಪಟ್ಟಿ) ಓದುವುದರಿಂದ ಹೆಸರಿನ ಹುಡುಕಾಟದಲ್ಲಿ ಅದಕ್ಕೆ ಸಾಟಿ ಕಡಿಮೆ. ಫ್ಲೋ ಲಾಂಚರ್ ಒಳಗಿಂದಲೇ ಅದನ್ನು ಬಳಸಬಹುದು. ಫೈಲಿಗೆ ನೆಟ್ಟಗೆ ಹೆಸರಿಡುವ ಅಭ್ಯಾಸ ಇರುವವರಿಗೆ ಟ್ಯಾಗ್ ಬೇಕಾಗುವುದೇ ಇಲ್ಲ. ಹೆಸರು ಮುಟ್ಟುವಂತಿಲ್ಲದ ಫೈಲುಗಳಿರುತ್ತವಲ್ಲ, ಲೇಔಟ್‌ಗೆ ಲಿಂಕ್ ಆದ ಚಿತ್ರಗಳು, ಕೋಡ್ ಪ್ರಾಜೆಕ್ಟಿನ ಫೈಲುಗಳು, ಹೆಸರು ಬದಲಿಸಿದರೆ ಬೇರೆಲ್ಲೋ ಮುರಿಯುವಂಥವು, ಅಲ್ಲಿ ಟ್ಯಾಗ್ ಬೇಕು. ದಾವಣಗೆರೆಯ ಅಪ್ಪನಿಗೆ 'ಇನ್ನು ಮೇಲೆ ಸರಿಯಾಗಿ ಹೆಸರಿಡಿ' ಅಂತ ಹೇಳುವವರು ಯಾರು, ನೀವು ಹೇಳುತ್ತೀರಾ?

ಪ್ರ: ಪ್ಲಗಿನ್ ಸಿದ್ಧ ಇದೆ, ಗೆಳೆಯರು ಬಳಸುತ್ತಿದ್ದಾರೆ. ಹೊಸ ಆವೃತ್ತಿ ಹಾಕಿದ ಮೇಲೆ ಒಬ್ಬನ ಟ್ಯಾಗ್‌ಗಳೆಲ್ಲ ಮಾಯ. ಫ್ಲೋ ಲಾಂಚರ್‌ನ ಪ್ಲಗಿನ್ ಸ್ಟೋರ್‌ಗೆ ಹಾಕುವ ಮೊದಲು ಏನೇನು ನೋಡಿಕೊಳ್ಳಬೇಕು? (ಬೆಂಗಳೂರು)

ಉ: ಡೇಟಾಬೇಸ್ ಫೈಲನ್ನು ಪ್ಲಗಿನ್ ಫೋಲ್ಡರ್ ಒಳಗೇ ಇಟ್ಟಿದ್ದೀರಿ ಅನ್ನಿಸುತ್ತದೆ. ಫ್ಲೋ ಲಾಂಚರ್ ಪ್ಲಗಿನ್ ಅಪ್‌ಡೇಟ್ ಮಾಡುವಾಗ ಹೊಸ ಫೋಲ್ಡರ್ ಹಾಕಿ ಹಳೆಯದನ್ನು ತೆಗೆದುಬಿಡುತ್ತದೆ. ಅದರೊಳಗೆ ಏನಿತ್ತೋ ಅದೂ ಹೋಯಿತು. ಆಪ್‌ಡೇಟಾ (ಪ್ರೋಗ್ರಾಮ್‌ಗಳು ತಮ್ಮ ಮಾಹಿತಿ ಇಡುವ ವಿಂಡೋಸ್ ಫೋಲ್ಡರ್) ಕೆಳಗೆ ನಿಮ್ಮ ಪ್ಲಗಿನ್‌ನದೇ ಬೇರೆ ಫೋಲ್ಡರ್ ಮಾಡಿ ಅಲ್ಲಿಡಿ. ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಫೋಲ್ಡರ್‌ನಲ್ಲಿ ಇಡಬೇಡಿ. ಬರೆಯುತ್ತಿರುವಾಗಲೇ ಸಿಂಕ್ ಆದರೆ ಎಸ್‌ಕ್ಯೂಲೈಟ್ ಫೈಲ್ ಕೆಡಬಹುದು. ಆಫೀಸಿನ ನೆಟ್‌ವರ್ಕ್ ಡ್ರೈವ್‌ನಲ್ಲೂ ಬೇಡ, ಅಲ್ಲಿ ಎಸ್‌ಕ್ಯೂಲೈಟ್‌ನ ವಾಲ್ ವಿಧಾನ (ಬದಲಾವಣೆಗಳನ್ನು ಮೊದಲು ಪಕ್ಕದ ಫೈಲಿಗೆ ಬರೆದುಕೊಳ್ಳುವುದು) ಕೆಲಸ ಮಾಡುವುದಿಲ್ಲ. ಟೇಬಲ್ ರಚನೆ ಬದಲಿಸಿದ್ದರೆ ಡೇಟಾಬೇಸ್‌ನ ಆವೃತ್ತಿ ಸಂಖ್ಯೆ ನೋಡಿ ಹಳೆಯದನ್ನು ಹೊಸದಕ್ಕೆ ತರುವ ಕೋಡ್ ಇರಲಿ, ಅದಕ್ಕೂ ಮೊದಲು ಒಂದು ನಕಲು ಎತ್ತಿಡಲಿ.

ಸ್ಟೋರ್‌ನ ಕೆಲಸ ಕಷ್ಟದ್ದಲ್ಲ. ಪ್ಲಗಿನ್ ಡಾಟ್ ಜೇಸನ್‌ನಲ್ಲಿ ಹೆಸರು, ಆವೃತ್ತಿ, ಆಕ್ಷನ್ ಕೀವರ್ಡ್ (ಪ್ಲಗಿನ್ ಕರೆಯಲು ಮೊದಲು ಹೊಡೆಯುವ ಪದ), ಐಡಿ ಸರಿಯಾಗಿರಲಿ. ಐಡಿಯನ್ನು ಬೇರೆ ಪ್ಲಗಿನ್‌ನಿಂದ ಕಾಪಿ ಹೊಡೆಯಬೇಡಿ, ಹೊಸ ಯುಯುಐಡಿ (ಇನ್ನೊಂದರ ಜೊತೆ ಹೊಂದದ ಉದ್ದನೆಯ ಗುರುತು) ಮಾಡಿಕೊಳ್ಳಿ. ಆಕ್ಷನ್ ಕೀವರ್ಡ್‌ಗೆ ನಕ್ಷತ್ರ ಚಿಹ್ನೆ ಹಾಕಿದರೆ ಬಳಕೆದಾರರು ಏನೇ ಹೊಡೆದರೂ ನಿಮ್ಮ ಪ್ಲಗಿನ್ ಎದ್ದು ಬರುತ್ತದೆ, ಎಲ್ಲರೂ ಬೈಯುತ್ತಾರೆ. ಒಂದು ಸಣ್ಣ ಪದ ಇಡಿ. ಜಿಪ್ ಮಾಡಿ ಗಿಟ್‌ಹಬ್‌ನಲ್ಲಿ ರಿಲೀಸ್ ಹಾಕಿ, ಫ್ಲೋ ಲಾಂಚರ್‌ನವರ ಪ್ಲಗಿನ್ ಮ್ಯಾನಿಫೆಸ್ಟ್ ರೆಪೊಸಿಟರಿಗೆ ಪುಲ್ ರಿಕ್ವೆಸ್ಟ್ (ನಮ್ಮದನ್ನೂ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿ.

ಮತ್ತೆ, ಎಲ್ಲ ಟ್ಯಾಗ್‌ಗಳನ್ನು ಪಾತ್ ಸಮೇತ ಸಿಎಸ್‌ವಿಗೆ ಇಳಿಸುವ ಒಂದು ಆಯ್ಕೆ, ಅದನ್ನೇ ಮತ್ತೆ ಏರಿಸುವ ಇನ್ನೊಂದು ಆಯ್ಕೆ, ಇವೆರಡೂ ಆಗದೆ ಸ್ಟೋರ್ ಕಡೆ ಹೋಗಬೇಡಿ. ಟ್ಯಾಗ್ ಕಳೆದುಕೊಂಡ ಗೆಳೆಯನ ಹತ್ತಿರ ಹಳೆಯ ಬ್ಯಾಕಪ್ ಏನಾದರೂ ಇದ್ದರೆ ಅದರಲ್ಲಿ ಹಳೆಯ ಪ್ಲಗಿನ್ ಫೋಲ್ಡರ್ ಹುಡುಕಿ ನೋಡಿ, ಡೇಟಾಬೇಸ್ ಅಲ್ಲಿ ಸಿಗಬಹುದು.